93 ನಿಮಿಷ 55 ಆದ ಬಗೆ: ಪಾರ್ಶ್ವವಾಯುವಿಗೆ ಎಂಆರ್‌ಐ ಮೊದಲು ಮಾಡಿದ ಎರಡು ಆಸ್ಪತ್ರೆಗಳು

ಪಾರ್ಶ್ವವಾಯು ಹೊಡೆದು ಆಸ್ಪತ್ರೆಗೆ ಬಂದವರಿಗೆ ಮೊದಲು ಸಿಟಿ ಸ್ಕ್ಯಾನ್ ಮಾಡುವುದು ಹೆಚ್ಚಿನ ಕಡೆ ನಡೆದುಬಂದ ರೂಢಿ. ಅಮೆರಿಕದ ವಾಷಿಂಗ್ಟನ್ ಹಾಸ್ಪಿಟಲ್ ಸೆಂಟರ್ ಮತ್ತು ಅಲ್ಲಿಂದ ಕೊಂಚ ದೂರದ ಬೆಥೆಸ್ಡಾದಲ್ಲಿರುವ ಸಬರ್ಬನ್ ಆಸ್ಪತ್ರೆ ಈ ರೂಢಿ ಬಿಟ್ಟು ಎಂಆರ್‌ಐಯನ್ನೇ ಮೊದಲು ಮಾಡುವ ದಾರಿ ಹಿಡಿದಿದ್ದವು. ಎರಡೂ ಕಡೆ ಸ್ಟ್ರೋಕ್ ರೋಗಿಗಳನ್ನು ನೋಡುತ್ತಿದ್ದುದು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ನ ತಂಡ. ಚಿತ್ರ ಚೆನ್ನಾಗಿ ಬರುತ್ತಿತ್ತು, ರೋಗ ಖಚಿತವಾಗುತ್ತಿತ್ತು. ಆದರೆ ಹೊತ್ತು ಹೋಗುತ್ತಿತ್ತು.

ರೋಗಿ ಬಾಗಿಲಿಗೆ ಬಂದ ಗಳಿಗೆಯಿಂದ ಹೆಪ್ಪು ಕರಗಿಸುವ ಔಷಧ ರಕ್ತನಾಳ ಸೇರುವ ಗಳಿಗೆಯವರೆಗಿನ ಹೊತ್ತಿಗೆ ಡೋರ್ ಟು ನೀಡಲ್ ಎನ್ನುತ್ತಾರೆ. ಈ ಎರಡು ಆಸ್ಪತ್ರೆಗಳ ರೋಗಿಗಳನ್ನು ಹೊತ್ತಿನ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವವರಿಗೆ 93 ನಿಮಿಷ ಹಿಡಿಯುತ್ತಿತ್ತು. 60 ನಿಮಿಷದೊಳಗೆ ಔಷಧ ಸಿಗುತ್ತಿದ್ದುದು ನೂರಕ್ಕೆ 13 ಮಂದಿಗೆ. ಇದನ್ನು ಸರಿಪಡಿಸಲು ಕೈಗೆತ್ತಿಕೊಂಡ ಕೆಲಸಕ್ಕೆ ಸ್ಮಾರ್ಟ್ ಎಂದು ಹೆಸರಿಟ್ಟರು. ಕೊನೆಯ ಹಂತಕ್ಕೆ ಬರುವಾಗ 93 ಇದ್ದದ್ದು 55ಕ್ಕೆ ಇಳಿದಿತ್ತು, 13 ಇದ್ದದ್ದು 61.5ಕ್ಕೆ ಏರಿತ್ತು. 157 ರೋಗಿಗಳ ಈ ವಿವರವನ್ನು ಶ್ರೇಯಾಂಸ್ ಶಾ ಮತ್ತು ಸಂಗಡಿಗರು 2015ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದರು.

ನಾನು ಕರ್ನಾಟಕದ ಒಂದು ಆಸ್ಪತ್ರೆಯ ಎಂಆರ್‌ಐ ಕೋಣೆಯಲ್ಲಿ ಟೆಕ್ನಿಷಿಯನ್. ‘ಎಂಆರ್‌ಐ ಒಳ್ಳೆಯದೇ, ಆದರೆ ತಡ’ ಎಂಬ ಮಾತನ್ನು ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಿದ್ದೇನೆ. ಮಾತಿನ ಮೊದಲರ್ಧ ನಿಜ. ಎರಡನೆಯ ಅರ್ಧ ಹೇಳುವಾಗ ಆ ತಡ ಯಂತ್ರದ್ದೋ, ಯಂತ್ರದವರೆಗಿನ ದಾರಿಯದ್ದೋ ಎಂದು ಬಿಡಿಸಿ ನೋಡಬೇಕು. ನನ್ನ ಮಟ್ಟಿಗೆ ಬಹುಪಾಲು ತಡ ದಾರಿಯದ್ದು. ಈ ಪ್ರಕರಣವನ್ನು ಆರಿಸಿಕೊಂಡದ್ದೂ ಅದಕ್ಕೇ.

ಗಡಿಯಾರ ಯಾಕೆ ಇಷ್ಟು ಬಿಗಿ

ಮಿದುಳಿನ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡರೆ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಇದು ಸರಾಸರಿ. ಕೆಲವರಲ್ಲಿ ಅಕ್ಕಪಕ್ಕದ ನಾಳಗಳಿಂದ ರಕ್ತ ಬಂದು ನಿಧಾನವಾಗುತ್ತದೆ, ಕೆಲವರಲ್ಲಿ ಇನ್ನೂ ಬೇಗ ನಡೆದುಹೋಗುತ್ತದೆ. ಹೆಪ್ಪು ಕರಗಿಸುವ ಔಷಧ ಆಲ್ಟಿಪ್ಲೇಸ್ ಮೊದಲ 3 ಗಂಟೆಯೊಳಗೆ ಕೊಟ್ಟರೆ ಕೆಲಸ ಮಾಡುತ್ತದೆಂದು 1995ರಲ್ಲಿ ಖಚಿತವಾಯಿತು. 2008ರಲ್ಲಿ ಆ ಮಿತಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಮಿತಿ ವಿಸ್ತರಿಸಿತೆಂದು ನಿಧಾನ ಮಾಡಬಹುದೆಂದಲ್ಲ. ಒಳಗಿನ ಪ್ರತಿ ನಿಮಿಷಕ್ಕೂ ಬೆಲೆ ಇದೆ. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ‘ಟಾರ್ಗೆಟ್: ಸ್ಟ್ರೋಕ್’ ಎಂಬ ಕಾರ್ಯಕ್ರಮ ಶುರುಮಾಡಿ, ಔಷಧ ಪಡೆಯುವ ರೋಗಿಗಳಲ್ಲಿ ಕನಿಷ್ಠ ಅರ್ಧದಷ್ಟು ಜನರಿಗಾದರೂ 60 ನಿಮಿಷದೊಳಗೆ ಅದು ಸಿಗಬೇಕೆಂದು ಗುರಿ ಇಟ್ಟಿತು. ನೂರಕ್ಕೆ 13 ಎಂಬ ಅಂಕಿಯನ್ನು ಈ ಗುರಿಯ ಪಕ್ಕದಲ್ಲಿಟ್ಟರೆ ಆ ಎರಡು ಆಸ್ಪತ್ರೆಗಳ ಮೇಲಿದ್ದ ಒತ್ತಡ ಅರ್ಥವಾಗುತ್ತದೆ.

ಅವರ ಮುಂದೆ ಸುಲಭದ ದಾರಿಯೊಂದಿತ್ತು. ಎಂಆರ್‌ಐ ಬಿಟ್ಟು ಎಲ್ಲರಂತೆ ಸಿಟಿಗೆ ಹೋಗಿಬಿಡಬಹುದಿತ್ತು. ಸಿಟಿ ಯಂತ್ರ ತುರ್ತು ಚಿಕಿತ್ಸಾ ವಿಭಾಗದ ಪಕ್ಕದಲ್ಲೇ ಇರುತ್ತದೆ, ಮಿದುಳಿನ ಚಿತ್ರ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಮೈಮೇಲೆ ಲೋಹ ಇದ್ದರೂ ಅಪಾಯವಿಲ್ಲ. ಹಾಗೆ ಮಾಡದೆ ಎಂಆರ್‌ಐಯನ್ನು ಉಳಿಸಿಕೊಂಡೇ ಹೊತ್ತು ಇಳಿಸುತ್ತೇವೆ ಎಂದು ಹೊರಟರು.

ಬಿಡದೆ ಇರಲು ಕಾರಣ

ಹೆಪ್ಪು ಕರಗಿಸುವ ಔಷಧ ಕೊಡುವ ಮುಂಚೆ ಎರಡು ಪ್ರಶ್ನೆಗೆ ಉತ್ತರ ಬೇಕು. ತಲೆಯೊಳಗೆ ರಕ್ತಸ್ರಾವ ಆಗಿದೆಯೇ? ಆಗಿದ್ದರೆ ಈ ಔಷಧ ಪ್ರಾಣಕ್ಕೇ ಸಂಚಕಾರ. ಆಗಿಲ್ಲವಾದರೆ, ಇದು ನಿಜಕ್ಕೂ ನಾಳ ಕಟ್ಟಿ ಬಂದ ಪಾರ್ಶ್ವವಾಯುವೇ? ಅಪಸ್ಮಾರದ ಸೆಳೆತದ ನಂತರ, ಮೈಗ್ರೇನಿನಲ್ಲಿ, ಶುಗರ್ ತೀರಾ ಇಳಿದಾಗಲೂ ಒಂದು ಪಕ್ಕ ಸೋತಂತೆ ಕಾಣಬಹುದು.

ಮೊದಲ ಪ್ರಶ್ನೆಗೆ ಸಿಟಿ ಥಟ್ಟನೆ ಉತ್ತರಿಸುತ್ತದೆ, ಹೊಸ ರಕ್ತ ಬೆಳ್ಳಗೆ ಕಾಣುತ್ತದೆ. ಎರಡನೆಯದಕ್ಕೆ ಬಂದಾಗ ಅದು ಹೆಚ್ಚಾಗಿ ಮೌನ. ಸಿಟಿ ನೋಡುವುದು ಸಾಂದ್ರತೆಯನ್ನು. ರಕ್ತ ನಿಂತ ಮಿದುಳಿನ ಭಾಗದ ಸಾಂದ್ರತೆ ಮೊದಲ ಕೆಲವು ಗಂಟೆಗಳಲ್ಲಿ ಅಷ್ಟೇನೂ ಬದಲಾಗುವುದಿಲ್ಲ. ಅದೇ ಭಾಗದಲ್ಲಿ ನೀರಿನ ಓಡಾಟ ಮಾತ್ರ ನಿಮಿಷಗಳಲ್ಲಿ ಬದಲಾಗುತ್ತದೆ. ಶಕ್ತಿ ಇಲ್ಲದ ಜೀವಕೋಶ ಸೋಡಿಯಂ ಹೊರದಬ್ಬಲಾರದು. ಸೋಡಿಯಂ ಹಿಂದೆಯೇ ನೀರು ಒಳನುಗ್ಗುತ್ತದೆ, ಕೋಶ ಊದಿಕೊಳ್ಳುತ್ತದೆ, ಕೋಶಗಳ ನಡುವಿನ ಜಾಗ ಕಿರಿದಾಗುತ್ತದೆ. ಬಯಲಲ್ಲಿ ಓಡಾಡುತ್ತಿದ್ದವರು ಇಕ್ಕಟ್ಟಿನ ಓಣಿಯಲ್ಲಿ ಸಿಕ್ಕಿಕೊಂಡ ಹಾಗೆ ನೀರಿನ ಅಣುಗಳ ಚಲನೆ ಕುಂಠಿತವಾಗುತ್ತದೆ. ಎಂಆರ್‌ಐಯಲ್ಲಿ ಡಿಫ್ಯೂಷನ್ ಚಿತ್ರ, ನಾವು ಡಿಡಬ್ಲ್ಯುಐ ಎನ್ನುವುದು, ಅಳೆಯುವುದು ಈ ಚಲನೆಯನ್ನೇ. ಚಲನೆ ಕುಂಠಿತವಾದ ಜಾಗ ಬೆಳ್ಳಗೆ ಹೊಳೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೈಕಲ್ ಮೋಸ್ಲಿ ಮತ್ತು ಸಂಗಡಿಗರು 1990ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗದಲ್ಲಿ ಇದನ್ನು ತೋರಿಸಿದ್ದರು.

ಮನುಷ್ಯರಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಸಬರ್ಬನ್ ಆಸ್ಪತ್ರೆಯಲ್ಲೇ ನಡೆದ ಅಧ್ಯಯನ ಸಾಕ್ಷಿ. ಪಾರ್ಶ್ವವಾಯು ಇರಬಹುದೆಂಬ ಶಂಕೆಯಿಂದ ಬಂದ 356 ಜನರಿಗೆ ಸಿಟಿಯನ್ನೂ ಎಂಆರ್‌ಐಯನ್ನೂ ಮಾಡಿದರು. ಅದರ ಫಲಿತಾಂಶ 2007ರ ‘ಲ್ಯಾನ್ಸೆಟ್’ನಲ್ಲಿ ಬಂತು. ನಾಳ ಕಟ್ಟಿದ ಹೊಸ ಪಾರ್ಶ್ವವಾಯುವನ್ನು ಎಂಆರ್‌ಐ 164 ಜನರಲ್ಲಿ ಗುರುತಿಸಿತು, ಸಿಟಿ 35 ಜನರಲ್ಲಿ. ಇನ್ನು ರಕ್ತಸ್ರಾವ ಹಿಡಿಯುವುದರಲ್ಲಿ ಎಂಆರ್‌ಐ ಹಿಂದೆ ಬೀಳುತ್ತದೆ ಎಂಬ ಹಳೆಯ ನಂಬಿಕೆ 2004ರಲ್ಲೇ ಸಡಿಲವಾಗಿತ್ತು. ಚೆಲ್ಸಿ ಕಿಡ್‌ವೆಲ್ ಮತ್ತು ಸಂಗಡಿಗರು 200 ರೋಗಿಗಳಲ್ಲಿ ಹೋಲಿಸಿ, ಗ್ರೇಡಿಯೆಂಟ್ ಎಕೋ ಎಂಬ ಬಗೆಯ ಎಂಆರ್‌ಐ ಚಿತ್ರ ತಾಜಾ ರಕ್ತಸ್ರಾವವನ್ನು ಸಿಟಿಯಷ್ಟೇ ನಿಖರವಾಗಿ ತೋರಿಸುತ್ತದೆಂದು ವರದಿ ಮಾಡಿದ್ದರು. ಈ ಅನುಭವ ಕೈಯಲ್ಲಿದ್ದ ತಂಡ ಎಂಆರ್‌ಐ ಬಿಡಲು ಒಪ್ಪದಿದ್ದುದು ನನಗೆ ಸಹಜವಾಗಿ ಕಾಣುತ್ತದೆ. ಹೊಳೆಯುವ ಆ ಬಿಳಿ ಮಚ್ಚೆಯನ್ನು ಕನ್ಸೋಲಿನಲ್ಲಿ ಒಮ್ಮೆ ನೋಡಿದವರಿಗೆ ಊಹೆಯ ಮೇಲೆ ಔಷಧ ಕೊಡಲು ಮನಸ್ಸು ಬರುವುದಿಲ್ಲ.

ಡಿಡಬ್ಲ್ಯುಐಗೂ ಮಿತಿ ಇದೆ. ಮಿದುಳಿನ ಹಿಂಭಾಗದ, ಕಾಂಡದ ಸಣ್ಣ ಪಾರ್ಶ್ವವಾಯುಗಳು ಮೊದಲ ಗಂಟೆಗಳಲ್ಲಿ ಅದರಲ್ಲೂ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತವೆ. ಚಿತ್ರದಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ರೋಗಿಯ ತೂರಾಟವನ್ನು, ತೊದಲನ್ನು ವೈದ್ಯರು ತಳ್ಳಿಹಾಕುವಂತಿಲ್ಲ.

ಯಂತ್ರದೊಳಗಿನ ನಿಮಿಷಗಳು

ಈಗ ಯಂತ್ರದ ಪಾಲಿನ ತಡ ಎಷ್ಟು ಎಂಬ ಲೆಕ್ಕ. ಸಾಮಾನ್ಯ ಎಂಆರ್‌ಐ ವಿಧಾನದಲ್ಲಿ ಒಂದು ರೇಡಿಯೋ ಸ್ಪಂದನ ಕೊಟ್ಟು, ಬಂದ ಮಾರ್ದನಿಯಿಂದ ಚಿತ್ರದ ದತ್ತಾಂಶದ ಒಂದೋ ಕೆಲವೋ ಸಾಲು ತುಂಬಿಸುತ್ತೇವೆ. ಮತ್ತೆ ಕಾಯುತ್ತೇವೆ, ಮತ್ತೆ ಸ್ಪಂದನ, ಇನ್ನಷ್ಟು ಸಾಲು. ನೂರಾರು ಸಾಲು ತುಂಬಬೇಕು. ಎಕೋ ಪ್ಲೇನಾರ್ ವಿಧಾನದಲ್ಲಿ ಒಂದೇ ಸ್ಪಂದನದ ಬೆನ್ನಿಗೆ ಗ್ರೇಡಿಯೆಂಟನ್ನು, ಅಂದರೆ ಜಾಗದಿಂದ ಜಾಗಕ್ಕೆ ಬದಲಾಗುವ ಹೆಚ್ಚುವರಿ ಕಾಂತಕ್ಷೇತ್ರವನ್ನು, ಅತ್ತಿಂದಿತ್ತ ವೇಗವಾಗಿ ತಿರುಗಿಸುತ್ತ ಒಂದು ಪದರದ ಎಲ್ಲ ಸಾಲುಗಳನ್ನೂ ಸೆಕೆಂಡಿನ ಸಣ್ಣ ಪಾಲಿನಲ್ಲಿ ಬಾಚಿಕೊಳ್ಳುತ್ತೇವೆ. ಯಂತ್ರ ಆಗ ಕರ್ಕಶವಾಗಿ ಗರಗರ ಎನ್ನುವುದು ಆ ತಿರುಗಾಟದಿಂದಲೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ 1977ರಲ್ಲಿ ಈ ಉಪಾಯವನ್ನು ಮುಂದಿಟ್ಟರು. 2003ರಲ್ಲಿ ಪಾಲ್ ಲಾಟರ್ಬರ್ ಜೊತೆ ಅವರಿಗೆ ನೊಬೆಲ್ ಬಂತು. ಡಿಡಬ್ಲ್ಯುಐ ಇವತ್ತು ಒಂದೆರಡು ನಿಮಿಷದಲ್ಲಿ ಮುಗಿಯುವುದಕ್ಕೆ ಕಾರಣ ಇದು.

ಸ್ಟ್ರೋಕ್ ಎಂಆರ್‌ಐಯಲ್ಲಿ ಸಾಮಾನ್ಯವಾಗಿ ಐದು ಬಗೆಯ ಚಿತ್ರ ಬೇಕಾಗುತ್ತದೆ. ಸತ್ತ ಅಥವಾ ಸಾಯುತ್ತಿರುವ ಭಾಗಕ್ಕೆ ಡಿಡಬ್ಲ್ಯುಐ, ರಕ್ತಸ್ರಾವಕ್ಕೆ ಗ್ರೇಡಿಯೆಂಟ್ ಎಕೋ, ಪಾರ್ಶ್ವವಾಯುವಿನ ವಯಸ್ಸು ಅಂದಾಜಿಸಲು ಫ್ಲೇರ್, ಯಾವ ನಾಳ ಕಟ್ಟಿದೆ ಎಂದು ನೋಡಲು ಆಂಜಿಯೋಗ್ರಫಿ, ರಕ್ತ ಕಡಿಮೆಯಾದರೂ ಇನ್ನೂ ಜೀವ ಹಿಡಿದಿರುವ ಭಾಗ ಎಷ್ಟಿದೆ ಎಂದು ತಿಳಿಯಲು ಪರ್ಫ್ಯೂಷನ್. ಹಳೆಯ ರೀತಿಯಲ್ಲಿ ಇವೆಲ್ಲ ಮಾಡಿದರೆ 15ರಿಂದ 20 ನಿಮಿಷ. ಹೊತ್ತು ತಿನ್ನುವುದು ಮುಖ್ಯವಾಗಿ ಫ್ಲೇರ್ ಮತ್ತು ಆಂಜಿಯೋಗ್ರಫಿ. ಫ್ಲೇರ್‌ನಲ್ಲಿ ಮಿದುಳಿನ ಸುತ್ತಲಿನ ದ್ರವದ ಸಂಕೇತ ಪೂರ್ತಿ ಅಳಿಯುವ ತನಕ ಪ್ರತಿ ಸಲವೂ ಎರಡು ಸೆಕೆಂಡಿಗೂ ಹೆಚ್ಚು ಕಾಯಬೇಕು, ಅದಕ್ಕೆ ಮೂರು ನಾಲ್ಕು ನಿಮಿಷ ಬೇಡುತ್ತದೆ.

2014ರಲ್ಲಿ ಅಮೆರಿಕದ ಕಂಬಿಜ್ ನೈಲ್ ಮತ್ತು ಸಂಗಡಿಗರು ‘ಸ್ಟ್ರೋಕ್’ ಪತ್ರಿಕೆಯಲ್ಲಿ ಇವೆಲ್ಲವನ್ನೂ 6 ನಿಮಿಷಕ್ಕೆ ಇಳಿಸಿದ ಕ್ರಮವನ್ನು ವಿವರಿಸಿದರು. 3 ಟೆಸ್ಲಾ (ಟೆಸ್ಲಾ ಎಂದರೆ ಅಯಸ್ಕಾಂತದ ಬಲ ಅಳೆಯುವ ಮಾನ) ಯಂತ್ರದಲ್ಲಿ ಫ್ಲೇರ್ ಮತ್ತು ಗ್ರೇಡಿಯೆಂಟ್ ಎಕೋವನ್ನೂ ಎಕೋ ಪ್ಲೇನಾರ್ ವಿಧಾನದಲ್ಲೇ ತೆಗೆದು ತಲಾ ಒಂದು ನಿಮಿಷದೊಳಗೆ ತಂದರು. ಆಂಜಿಯೋಗ್ರಫಿಗೆ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಬಳಸಿದರು. ಬೆಲೆ ತೆರದೆ ವೇಗ ಸಿಗಲಿಲ್ಲ. ಎಕೋ ಪ್ಲೇನಾರ್ ಚಿತ್ರಗಳು ಗಾಳಿ ಮತ್ತು ಮೂಳೆ ಸೇರುವ ಕಡೆ, ಅಂದರೆ ಸೈನಸ್ ಮತ್ತು ತಲೆಬುರುಡೆಯ ತಳದ ಹತ್ತಿರ, ಎಳೆದಂತೆ ಸೊಟ್ಟಗಾಗುತ್ತವೆ. ಔಷಧ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು ಅಷ್ಟು ಸಾಕು. ಅಂದದ ಚಿತ್ರ ಬೇಕೆಂದರೆ ಮರುದಿನ ತೆಗೆಯಬಹುದು.

ಚುಟುಕು ಸ್ಕ್ಯಾನಿನಿಂದ ಇನ್ನೊಂದು ಲಾಭವಿದೆ. ಪಾರ್ಶ್ವವಾಯು ಬಂದವರು ಸುಮ್ಮನೆ ಮಲಗಿರುವುದಿಲ್ಲ. ಮಾತು ಹೊರಡದೆ ಕಂಗಾಲಾಗಿರುತ್ತಾರೆ, ಸೋಲದ ಕೈಯಿಂದ ತಲೆಯ ಮೇಲಿನ ಕಾಯಿಲ್, ಅಂದರೆ ಸಂಕೇತ ಹಿಡಿಯುವ ಚೌಕಟ್ಟು, ಹಿಡಿದು ಎಳೆಯುತ್ತಾರೆ, ‘ಅಲುಗಾಡಬೇಡಿ’ ಎಂದರೆ ಅರ್ಥವಾಗುವ ಸ್ಥಿತಿಯಲ್ಲಿ ಇರದೆಯೂ ಇರಬಹುದು. ನಾಲ್ಕು ನಿಮಿಷದ ಫ್ಲೇರ್‌ನಲ್ಲಿ ಮೂರನೆಯ ನಿಮಿಷಕ್ಕೆ ಒಮ್ಮೆ ತಲೆ ಹೊರಳಿಸಿದರೆ ಇಡೀ ಸರಣಿ ಹಾಳು, ಮೊದಲಿನಿಂದ ಶುರು. ಐವತ್ತು ಸೆಕೆಂಡಿನ ಸರಣಿ ಹಾಳಾದರೆ ಹೋಗುವುದು ಐವತ್ತೇ ಸೆಕೆಂಡು. ನಮ್ಮ ಕೋಣೆಯಲ್ಲಿ ಹೆಚ್ಚು ಹೊತ್ತು ತಿನ್ನುವುದು ಮೊದಲ ಸ್ಕ್ಯಾನಲ್ಲ, ಮತ್ತೆ ಮಾಡುವ ಸ್ಕ್ಯಾನು.

ಇಷ್ಟಾದರೂ ಲೆಕ್ಕ ನೋಡಿ. ಯಂತ್ರದಲ್ಲಿ 20 ನಿಮಿಷ ಎಂದೇ ಇಟ್ಟುಕೊಂಡರೂ 93ರಲ್ಲಿ ಇನ್ನೂ 73 ಉಳಿಯುತ್ತದೆ.

ಕೋಣೆಯ ಹೊರಗಿನ ನಿಮಿಷಗಳು

ಎಂಆರ್‌ಐಯ ಅಯಸ್ಕಾಂತಕ್ಕೆ ಆಫ್ ಎಂಬುದಿಲ್ಲ. ಹಗಲು ರಾತ್ರಿ, ಸ್ಕ್ಯಾನ್ ನಡೆಯಲಿ ಬಿಡಲಿ, 1.5 ಟೆಸ್ಲಾ ಯಂತ್ರದ ಸೆಳೆತ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು ಇರುತ್ತದೆ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋದ ಯುವಕನೊಬ್ಬ ಸಿಲಿಂಡರಿನ ಸಮೇತ ಯಂತ್ರಕ್ಕೆ ಸೆಳೆಯಲ್ಪಟ್ಟು ಜೀವ ಕಳೆದುಕೊಂಡ. ರೋಗಿಯ ಜೊತೆ ಬಂದಿದ್ದ ಸಂಬಂಧಿ ಅವನು. ಹಾಗಾಗಿ ಎಷ್ಟೇ ಅವಸರವಿದ್ದರೂ ಬಾಗಿಲಲ್ಲಿ ನಿಂತು ಮೈಮೇಲಿನ ಲೋಹ ನೋಡುವ ಹಂತವನ್ನು ಬಿಡುವಂತಿಲ್ಲ. ಮಾಡಬಹುದಾದದ್ದು ಒಂದೇ, ಆ ಹಂತವನ್ನು ಮುಂಚಿತವಾಗಿ, ಬೇರೆ ಕಡೆ, ಬೇರೆ ಕೆಲಸದ ಜೊತೆಗೇ ಮುಗಿಸುವುದು.

ನಮ್ಮಲ್ಲಿ ಈ ಹಂತ ಹೇಗಿರುತ್ತದೆ ಎಂದು ಹೇಳುತ್ತೇನೆ. ಅರವತ್ತು ದಾಟಿದ ಅಜ್ಜಿಯೊಬ್ಬರು ಸ್ಟ್ರೆಚರಿನ ಮೇಲೆ ಬರುತ್ತಾರೆ. ಬಾಯಿ ಸೊಟ್ಟಗಾಗಿದೆ, ಬಲಗೈ ಕೆಳಗೆ ಜೋಲುತ್ತಿದೆ. ಕೈಯಲ್ಲಿ ಗಾಜಿನ ಬಳೆಯ ಜೊತೆ ಚಿನ್ನದ ಬಳೆ, ಕಿವಿಯಲ್ಲಿ ಓಲೆ, ಮೂಗುಬೊಟ್ಟು, ಬೆರಳಿನ ಮಾಂಸದಲ್ಲಿ ಹೂತುಹೋದ ಕಾಲುಂಗುರ, ತುರುಬಿನಲ್ಲಿ ಹೇರ್‌ಪಿನ್ನು, ರವಿಕೆಗೆ ಹುಕ್ಕು, ಸೆರಗಿಗೆ ಪಿನ್ನು. ಕೊರಳಲ್ಲಿ ತಾಳಿ. ಚಿನ್ನವನ್ನು ಅಯಸ್ಕಾಂತ ಸೆಳೆಯುವುದಿಲ್ಲ, ನಿಜ. ಆದರೆ ತಾಳಿಸರಕ್ಕೆ ಸಿಕ್ಕಿಸಿದ ಒಂದು ಗೊಂಚಲು ಸೇಫ್ಟಿಪಿನ್ನು ಉಕ್ಕಿನದು.

‘ಅಣ್ಣಾ, ಅಮ್ಮನ ತಾಳಿ ತೆಗೀಬೇಕು.’

‘ತಾಳಿ ಬೇಡಪ್ಪ, ಅಪ್ಪ ಇನ್ನೂ ಇದ್ದಾರೆ. ಹೊರಗೆ ಕೂತಿದ್ದಾರೆ.’

ಈ ಮಾತಿಗೆ ಎದುರಾಡುವುದು ಸಲ್ಲ. ಮಗನ ಸಂಕಟ ನಿಜವಾದದ್ದು, ತಾಯಿಯ ಪ್ರಾಣ ತೂಗಾಡುತ್ತಿರುವ ಹೊತ್ತಿನಲ್ಲಿ ಅಶುಭವಾದದ್ದೇನೂ ನಡೆಯಬಾರದು ಎಂಬ ಆಸೆಯೂ ನಿಜವಾದದ್ದು. ನಮ್ಮಲ್ಲಿರುವ ಹಿರಿಯ ಸಿಸ್ಟರ್ ಒಬ್ಬರು ಇದಕ್ಕೆಂದೇ ಡ್ರಾಯರಿನಲ್ಲಿ ಅರಿಸಿನ ಹಚ್ಚಿದ ದಾರ, ಒಂದಿಷ್ಟು ಅರಿಸಿನದ ಕೊಂಬು ಇಟ್ಟಿದ್ದಾರೆ. ದಾರಕ್ಕೆ ಕೊಂಬು ಕಟ್ಟಿ ಅಜ್ಜಿಯ ಕೊರಳಿಗೆ ಹಾಕಿ, ಆಮೇಲೆ ತಾಳಿ ತೆಗೆದು ಮಗನ ಕೈಯಲ್ಲಿಡುತ್ತಾರೆ. ಯಾರೂ ಬೇಡ ಎನ್ನುವುದಿಲ್ಲ. ವಾದಕ್ಕೆ ಹೋಗುತ್ತಿದ್ದ ಹೊತ್ತು ಉಳಿಯುತ್ತದೆ. ಗಂಡಸರಾದರೆ ಉಡಿದಾರ, ಅದಕ್ಕೆ ಕಟ್ಟಿದ ತಾಯತ, ಜೇಬಿನಲ್ಲಿ ಬೀಗದ ಕೈ, ನಾಣ್ಯ. ಮತ್ತೆ ಇಬ್ಬರಿಗೂ ಕೇಳಬೇಕಾದದ್ದು: ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದಾರೆಯೇ, ತಲೆಗೆ ಆಪರೇಷನ್ ಆಗಿ ಕ್ಲಿಪ್ ಹಾಕಿದ್ದಾರೆಯೇ, ಕಿವಿಯೊಳಗೆ ಯಂತ್ರ ಕೂರಿಸಿದ್ದಾರೆಯೇ, ವೆಲ್ಡಿಂಗ್ ಕೆಲಸ ಮಾಡಿ ಕಣ್ಣಿಗೆ ಲೋಹದ ಚೂರು ಸಿಡಿದದ್ದುಂಟೇ. ರೋಗಿಗೆ ಮಾತು ಬಾರದು. ಎಲ್ಲ ಬಲ್ಲ ಸಂಬಂಧಿ ಹೆಚ್ಚಿನ ಸಲ ಬಿಲ್ ಕೌಂಟರಿನ ಸಾಲಿನಲ್ಲಿ ನಿಂತಿರುತ್ತಾರೆ.

ಇದೆಲ್ಲ ಎಂಆರ್‌ಐ ಬಾಗಿಲಲ್ಲಿ ಶುರುವಾದರೆ ಹದಿನೈದು ನಿಮಿಷ ಯಾವ ಲೆಕ್ಕಕ್ಕೂ ಸಿಗದೆ ಕರಗುತ್ತದೆ. ಕ್ಯಾಷುಯಾಲ್ಟಿಯಲ್ಲಿ ಒಬ್ಬರು ಬಿಪಿ ನೋಡುತ್ತಿರುವಾಗ, ಇನ್ನೊಬ್ಬರು ಸೂಜಿ ಹಾಕುತ್ತಿರುವಾಗ ಮೂರನೆಯವರು ಇದನ್ನು ಮಾಡಿಮುಗಿಸಿದರೆ ಪ್ರತ್ಯೇಕ ಹೊತ್ತೇ ಬೇಕಿಲ್ಲ. ಸ್ಮಾರ್ಟ್ ಥರದ ಕೆಲಸದ ತಿರುಳು ಇದು. ತುರ್ತು ವಿಭಾಗ, ನರರೋಗ ವಿಭಾಗ, ಎಂಆರ್‌ಐ ವಿಭಾಗ ತಂತಮ್ಮ ಹೊತ್ತನ್ನು ಬೇರೆ ಬೇರೆ ಅಳೆದರೆ ಪ್ರತಿಯೊಬ್ಬರೂ ತಾವು ಬೇಗ ಮಾಡಿದ್ದೇವೆ ಎನ್ನುತ್ತಾರೆ. ಒಟ್ಟಿಗೆ ಕೂತು ಬಾಗಿಲಿನಿಂದ ಸೂಜಿಯವರೆಗೆ ಒಂದೇ ಗೆರೆ ಎಳೆದು ನೋಡಿದಾಗ ಒಬ್ಬರು ಮುಗಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಖಾಲಿ ಜಾಗಗಳು ಕಣ್ಣಿಗೆ ಬೀಳುತ್ತವೆ. ರಕ್ತಪರೀಕ್ಷೆಯ ವರದಿಗೆ ಕಾಯುವುದು ಅಂಥದ್ದೊಂದು. ಹೆಪ್ಪು ತಡೆಯುವ ಮಾತ್ರೆ ತಗೊಳ್ಳದ, ರಕ್ತಸ್ರಾವದ ಕಾಯಿಲೆ ಇಲ್ಲದ ರೋಗಿಗೆ ಔಷಧಕ್ಕೆ ಮುಂಚೆ ಖಡ್ಡಾಯವಾಗಿ ಬೇಕಾದದ್ದು ಬೆರಳು ಚುಚ್ಚಿ ನೋಡುವ ಶುಗರ್ ಮಾತ್ರ. ತೂಕ ನೋಡುವುದು ಇನ್ನೊಂದು. ಆಲ್ಟಿಪ್ಲೇಸ್ ಪ್ರಮಾಣ ಕಿಲೋಗೆ 0.9 ಮಿಲಿಗ್ರಾಂ, ತೂಕ ಗೊತ್ತಿಲ್ಲದೆ ಬೆರೆಸುವಂತಿಲ್ಲ. ರೋಗಿ ಸ್ಕ್ಯಾನಿನಲ್ಲಿರುವಾಗ ಫಾರ್ಮಸಿಯಿಂದ ಔಷಧ ತಂದಿಟ್ಟುಕೊಳ್ಳುವುದು ಮತ್ತೊಂದು. ಒಂದೊಂದೂ ನಾಲ್ಕೈದು ನಿಮಿಷದ್ದು, ಹೇಳಿಕೊಳ್ಳುವಂಥ ದೊಡ್ಡ ಶೋಧವಲ್ಲ. 93 ಮತ್ತು 55ರ ನಡುವಿನ 38 ನಿಮಿಷದಂಥ ಉಳಿತಾಯ ಇಂಥ ಚಿಲ್ಲರೆ ಕೂಡಿಯೇ ಆಗುವಂಥದ್ದು.

ಹೆಲ್ಸಿಂಕಿಯ 20 ನಿಮಿಷ

55 ನಿಮಿಷವನ್ನು ಹೊಗಳಿ ನಿಲ್ಲಿಸಿದರೆ ಅನ್ಯಾಯವಾದೀತು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಆಸ್ಪತ್ರೆ 1998ರಲ್ಲಿ 105 ನಿಮಿಷ ಇದ್ದ ಡೋರ್ ಟು ನೀಡಲ್ ಹೊತ್ತನ್ನು 2011ಕ್ಕೆ 20 ನಿಮಿಷಕ್ಕೆ ಇಳಿಸಿತು, ಅದೂ ಸಿಟಿಯಿಂದ. ಆಂಬುಲೆನ್ಸ್ ದಾರಿಯಲ್ಲಿರುವಾಗಲೇ ಫೋನ್, ಹಳೆಯ ವಿವರ ಮೊದಲೇ ತೆರೆದಿಟ್ಟುಕೊಳ್ಳುವುದು, ಆಂಬುಲೆನ್ಸಿನ ಸ್ಟ್ರೆಚರಿನಿಂದ ನೇರ ಸಿಟಿಗೆ, ಔಷಧ ಸಿಟಿಯ ಟೇಬಲ್ಲಿನ ಮೇಲೇ. ಆಟೆ ಮೆರೆಟೋಯಾ ಮತ್ತು ಸಂಗಡಿಗರು 2012ರಲ್ಲಿ ಈ ವಿವರ ಪ್ರಕಟಿಸಿದರು.

ಹಾಗಾದರೆ ಎಂಆರ್‌ಐ ಹಟವೇಕೆ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎರಡು ಗಂಟೆಯ ಹಿಂದೆ ಎಲ್ಲರೆದುರು ಕುಸಿದುಬಿದ್ದ, ಒಂದು ಪಕ್ಕ ಪೂರ್ತಿ ಸೋತ ರೋಗಿಗೆ ಸಿಟಿ ಸಾಕು. ಅವರನ್ನು ಎಂಆರ್‌ಐಗಾಗಿ ಕಾಯಿಸುವುದು ತಪ್ಪು. ಎಂಆರ್‌ಐ ತಂಡ ನಿದ್ದೆಯಿಲ್ಲದೆ ಸಿದ್ಧವಾಗಿರಬೇಕಾದದ್ದು ಇನ್ನೊಂದು ಬಗೆಯ ರೋಗಿಗಾಗಿ. ರಾತ್ರಿ ಊಟಮಾಡಿ ಚೆನ್ನಾಗಿಯೇ ಮಲಗಿದವರು, ಬೆಳಗ್ಗೆ ಎದ್ದಾಗ ಕೈ ಎತ್ತಲಾಗದವರು. ಯಾವಾಗ ಶುರುವಾಯಿತು ಎಂದು ಯಾರಿಗೂ ಗೊತ್ತಿಲ್ಲ. ಮಲಗಿದ ಹೊತ್ತಿನಿಂದ ಲೆಕ್ಕ ಹಾಕಿದರೆ ನಾಲ್ಕೂವರೆ ಗಂಟೆ ಎಂದೋ ದಾಟಿದೆ. ಬರೀ ಗಡಿಯಾರ ನೋಡುವ ವೈದ್ಯರು ಔಷಧ ಕೊಡಲಾರರು.

ಇಲ್ಲಿ ಎಂಆರ್‌ಐ ಗಡಿಯಾರದ ಕೆಲಸ ಮಾಡುತ್ತದೆ. ಡಿಡಬ್ಲ್ಯುಐಯಲ್ಲಿ ಜಾಗ ನಿಮಿಷಗಳಲ್ಲಿ ಬೆಳ್ಳಗಾದರೆ, ಫ್ಲೇರ್‌ನಲ್ಲಿ ಅದೇ ಜಾಗ ಬೆಳ್ಳಗಾಗಲು ಗಂಟೆಗಳು ಬೇಕು. ಡಿಡಬ್ಲ್ಯುಐಯಲ್ಲಿ ಕಾಣುತ್ತಿದೆ, ಫ್ಲೇರ್‌ನಲ್ಲಿ ಇನ್ನೂ ಕಾಣುತ್ತಿಲ್ಲ ಎಂದರೆ ಪಾರ್ಶ್ವವಾಯು ನಾಲ್ಕೂವರೆ ಗಂಟೆಯೊಳಗಿನದಿರುವ ಸಾಧ್ಯತೆ ಹೆಚ್ಚು. ಹ್ಯಾಂಬರ್ಗಿನ ಗೊಟ್ಸ್ ಟೊಮಾಲ್ಲಾ ನೇತೃತ್ವದಲ್ಲಿ ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ನಡೆದ ವೇಕ್-ಅಪ್ ಪ್ರಯೋಗ ಇದನ್ನೇ ಒರೆಗೆ ಹಚ್ಚಿತು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ವ್ಯತ್ಯಾಸ ನೋಡಿ ಆಲ್ಟಿಪ್ಲೇಸ್ ಕೊಟ್ಟವರಲ್ಲಿ 53.3% ಜನ 90 ದಿನಗಳ ಹೊತ್ತಿಗೆ ಹೆಚ್ಚುಕಡಿಮೆ ಮೊದಲಿನಂತಾಗಿದ್ದರು. ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಆ ಪ್ರಮಾಣ 41.8%. ಸಾವು ಔಷಧ ಪಡೆದ ಗುಂಪಿನಲ್ಲಿ 4.1%, ಇನ್ನೊಂದರಲ್ಲಿ 1.2%. ಈ ಅಂಕಿಯನ್ನು ರೋಗಿಯ ಮನೆಯವರಿಂದ ಮುಚ್ಚಿಡಬಾರದು. 800 ರೋಗಿಗಳನ್ನು ಸೇರಿಸಿಕೊಳ್ಳುವ ಯೋಜನೆ ಇದ್ದರೂ ಹಣಕಾಸು ಮುಂದುವರಿಯದೆ 503ಕ್ಕೆ ನಿಂತದ್ದು ನನಗಿಂದಿಗೂ ಬೇಸರದ ಸಂಗತಿ. ಸಾವಿನ ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತಿತ್ತು.

ಎದ್ದಾಗ ಕಂಡುಬರುವ ಪಾರ್ಶ್ವವಾಯು ಅಪರೂಪದ್ದಲ್ಲ. ಹೊಲ ತೋಟದಲ್ಲಿ ಒಬ್ಬರೇ ಇದ್ದಾಗ ಬಿದ್ದು, ಎಷ್ಟೋ ಹೊತ್ತಿನ ಮೇಲೆ ಕಣ್ಣಿಗೆ ಬಿದ್ದವರೂ ಇದೇ ಗುಂಪಿಗೆ ಸೇರುತ್ತಾರೆ. ಇಂಥವರು ಬಂದ ದಿನ ಎಂಆರ್‌ಐ ಮಾಡಿ ಔಷಧ ಕೊಡಲು 93 ನಿಮಿಷ ಹಿಡಿಯುವ ಆಸ್ಪತ್ರೆಗೂ 55 ಹಿಡಿಯುವ ಆಸ್ಪತ್ರೆಗೂ ಇರುವ ಅಂತರ ಫ್ಲೇರ್‌ನಲ್ಲೇ ಕಾಣಬಹುದು. ತಡವಾದಷ್ಟೂ ಮಚ್ಚೆ ಅಲ್ಲಿಯೂ ಮೂಡುತ್ತ ಹೋಗುತ್ತದೆ. ಮೂಡಿದ ಮೇಲೆ ಈ ದಾರಿಯಲ್ಲಿ ಔಷಧ ಕೊಡುವ ಅವಕಾಶ ಮುಚ್ಚುತ್ತದೆ.

ನಮ್ಮ ಕಡೆ

ಕರ್ನಾಟಕದ ದೊಡ್ಡ ಊರುಗಳಲ್ಲಿ ಎಂಆರ್‌ಐ ಯಂತ್ರಗಳಿಗೆ ಬರವಿಲ್ಲ. ಹಲವು ಜಿಲ್ಲಾ ಕೇಂದ್ರಗಳಲ್ಲೂ ಇವೆ. ಕೊರತೆ ಇರುವುದು ಬೇರೆ ಕಡೆ. ಯಂತ್ರ ಒಂದು ಕಟ್ಟಡದಲ್ಲಿ, ಕ್ಯಾಷುಯಾಲ್ಟಿ ಇನ್ನೊಂದರಲ್ಲಿ. ಎಷ್ಟೋ ಕಡೆ ಯಂತ್ರ ನಡೆಸುವುದು ಆಸ್ಪತ್ರೆಯಲ್ಲ, ಹೊರಗಿನ ಸಂಸ್ಥೆ. ರಾತ್ರಿ ಟೆಕ್ನಿಷಿಯನ್ ಇದ್ದರೂ ರೇಡಿಯಾಲಜಿಸ್ಟ್ ಮನೆಯಲ್ಲಿ. ಬೆಳಗ್ಗೆ ಹತ್ತಕ್ಕೆ ಬಂದರೆ ಮೊಣಕಾಲು ನೋವಿನ, ಬೆನ್ನು ನೋವಿನ ಅಪಾಯಿಂಟ್‌ಮೆಂಟುಗಳ ಸಾಲು. ಅರ್ಧ ಮುಗಿದ ಬೆನ್ನಿನ ಸ್ಕ್ಯಾನ್ ನಿಲ್ಲಿಸಿ ಸ್ಟ್ರೋಕ್ ರೋಗಿಯನ್ನು ಒಳಗೆ ತರಲು ಯಾರು ಹೇಳಬೇಕು ಎಂಬುದು ಬರವಣಿಗೆಯಲ್ಲಿ ಇರುವುದಿಲ್ಲ. ಇರಬೇಕು. ಆ ಅಧಿಕಾರ ಡ್ಯೂಟಿ ಡಾಕ್ಟರಿಗೆ, ಅವರು ಸಿಗದಿದ್ದರೆ ಟೆಕ್ನಿಷಿಯನ್‌ಗೆ ಸ್ಪಷ್ಟವಾಗಿ ಕೊಟ್ಟಿರಬೇಕು. ಬೆನ್ನು ನೋವಿನವರಿಗೆ ಕಾರಣ ಹೇಳಿ ಕ್ಷಮೆ ಕೇಳಿದರೆ ಅವರೇ ‘ಮೊದಲು ಅವರನ್ನ ನೋಡಿ’ ಎನ್ನುತ್ತಾರೆ. ನಾನು ಬೇರೆ ಉತ್ತರ ಕೇಳಿದ್ದೇ ಕಡಿಮೆ.

108ರಲ್ಲಿ ಬರುವವರ ವಿಷಯದಲ್ಲಿ ಇನ್ನೂ ಸುಲಭದ ಕೆಲಸವೊಂದಿದೆ. ಆಂಬುಲೆನ್ಸಿನಿಂದಲೇ ಒಂದು ಫೋನ್ ಬಂದರೆ, ‘ಲಕ್ವ ಹೊಡೆದಿದೆ, ಕೊನೆಗೆ ಚೆನ್ನಾಗಿದ್ದದ್ದು ಇಷ್ಟು ಗಂಟೆಗೆ, ಪೇಸ್‌ಮೇಕರ್ ಇಲ್ಲ’ ಎಂಬ ಮೂರು ಮಾತು ಸಿಕ್ಕರೆ, ನಾವು ಟೇಬಲ್ ಖಾಲಿ ಮಾಡಿಟ್ಟುಕೊಳ್ಳಬಹುದು. ಮನೆಯವರೇ ಕಾರಿನಲ್ಲಿ ಕರೆತರುವಾಗಲೂ ಇದು ಅನ್ವಯಿಸುತ್ತದೆ. ದಾರಿಯಲ್ಲೇ ಒಡವೆ, ಪಿನ್ನು ತೆಗೆದಿಡಿ. ತಗೊಳ್ಳುತ್ತಿರುವ ಮಾತ್ರೆಗಳ ಚೀಲ ತನ್ನಿ. ಕೊನೆಗೆ ಯಾರು, ಯಾವಾಗ ಚೆನ್ನಾಗಿ ಮಾತಾಡಿದ್ದನ್ನು ನೋಡಿದರು ಎಂದು ಕೇಳಿಕೊಂಡು ಬನ್ನಿ. ಆ ಒಂದು ಉತ್ತರದ ಮೇಲೆ ಸಿಟಿಯೋ ಎಂಆರ್‌ಐಯೋ ಎಂಬುದು ನಿಂತಿದೆ.

ನಮ್ಮ ವಿಭಾಗದಲ್ಲಿ ಈಗ ಹಿಡಿದಿರುವ ಕೆಲಸ ಇನ್ನೂ ಮೊದಲಿನ ಮೆಟ್ಟಿಲಿನದು. ಹೊತ್ತು ಅಳೆಯಲು ಹೊರಟಾಗ ಕ್ಯಾಷುಯಾಲ್ಟಿಯ ಗೋಡೆ ಗಡಿಯಾರ, ಎಂಆರ್‌ಐ ಕನ್ಸೋಲಿನ ಗಡಿಯಾರ, ಲ್ಯಾಬಿನ ಕಂಪ್ಯೂಟರ್ ಮೂರೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಚಿತ್ರ ತೆಗೆದದ್ದು ರೋಗಿ ಬರುವುದಕ್ಕೂ ಮುಂಚೆ ಎಂದು ದಾಖಲೆಯಲ್ಲಿ ಬಂದದ್ದೂ ಉಂಟು. ಹಾಗಾಗಿ ಮೊದಲು ಮೂರನ್ನೂ ಮೊಬೈಲ್ ಹೊತ್ತಿಗೆ ಸರಿಹೊಂದಿಸಿದೆವು. ಕ್ಯಾಷುಯಾಲ್ಟಿಯ ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದು ಐದು ಕಾಲಂ ಮಾಡಿದ್ದೇವೆ: ಬಂದದ್ದು, ಲೋಹ ತಪಾಸಣೆ ಮುಗಿದದ್ದು, ಟೇಬಲ್ ಮೇಲೆ ಮಲಗಿಸಿದ್ದು, ಮೊದಲ ಡಿಡಬ್ಲ್ಯುಐ ಬಂದದ್ದು, ಔಷಧ ಕೊಟ್ಟದ್ದು. ಪ್ರತಿ ತಿಂಗಳು ಮೂರೂ ವಿಭಾಗದವರು ಆ ಪುಟ ಬಿಡಿಸಿಕೊಂಡು ಕೂರುವುದೆಂದು ಮಾತಾಗಿದೆ. ಲೋಹ ತಪಾಸಣೆಯ ಕಾಲಂ ತುಂಬುವ ಹೊಣೆಯನ್ನು ಅರಿಸಿನ ದಾರದ ಸಿಸ್ಟರ್ ತಾವಾಗಿಯೇ ಕೇಳಿ ತೆಗೆದುಕೊಂಡಿದ್ದಾರೆ.